ಎಣಿಕೆಯ ನಡುವೆ ನಿಂತವರು: ರಥಸಪ್ತಮಿಯ ಸಾಮೂಹಿಕ ಸೂರ್ಯನಮಸ್ಕಾರದಲ್ಲಿ ಒಬ್ಬ ಹೊಸ ಅಭ್ಯಾಸಿ – ಒಂದು ಪ್ರಕರಣ ಅಧ್ಯಯನ

ಮೈಸೂರಿನ ಬಡಾವಣೆಯೊಂದರ ದೇವಸ್ಥಾನದ ಸಭಾಂಗಣದಲ್ಲಿ ಬೆಳಗಿನ ಐದೂವರೆಗೆ ನಡೆಯುವ ಉಚಿತ ಯೋಗ ತರಗತಿಗೆ ಬರುತ್ತಿದ್ದ 48 ವರ್ಷದ ಮಹಿಳೆಯೊಬ್ಬರು, ಅಭ್ಯಾಸ ಆರಂಭಿಸಿ ಮೂರು ತಿಂಗಳು ತುಂಬುವ ಮೊದಲೇ, 2025ರ ಫೆಬ್ರುವರಿ 4ರ ರಥಸಪ್ತಮಿಯಂದು ಬಯಲಿನಲ್ಲಿ ನಡೆದ 108 ಸೂರ್ಯನಮಸ್ಕಾರಗಳ ಸಾಮೂಹಿಕ ಕಾರ್ಯಕ್ರಮದಲ್ಲಿ ಪಾಲ್ಗೊಂಡರು. ಆ ಬೆಳಿಗ್ಗೆ ಏನಾಯಿತು, ಅದಕ್ಕೆ ಮೊದಲಿನ ವಾರಗಳಲ್ಲಿ ಯಾವ ಸಿದ್ಧತೆ ನಡೆದಿತ್ತು, ಆಮೇಲೆ ಅವರ ಅಭ್ಯಾಸದಲ್ಲಿ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂಬುದರ ವಿವರ ಇಲ್ಲಿದೆ. ಆ ತರಗತಿ ನಡೆಸುವವರಲ್ಲಿ ನಾನೂ ಒಬ್ಬಳು. ಮೈದಾನದಲ್ಲಿ ಅವರ ಸಾಲಿನ ಪಕ್ಕದಲ್ಲೇ ಸ್ವಯಂಸೇವಕಿಯಾಗಿ ನಿಂತಿದ್ದೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಹೆಸರನ್ನಾಗಲಿ ಬಡಾವಣೆ, ಮೈದಾನಗಳ ಗುರುತನ್ನಾಗಲಿ ಕೊಟ್ಟಿಲ್ಲ.

ಇಂಥ ಕಾರ್ಯಕ್ರಮ ಮುಗಿದ ಮೇಲೆ ಹೊಸಬರನ್ನು ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಮಾಡಿದಿರಿ?’ ಎಂಬುದು. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ನೂರಾರು ಜನ ಒಂದೇ ಎಣಿಕೆಗೆ ಬಾಗಿ ಏಳುತ್ತಿದ್ದಾಗ ಅವರು ಕೈಮುಗಿದು ಸುಮ್ಮನೆ ನಿಂತಿದ್ದ ಹೊತ್ತು. ಹೊಸ ಅಭ್ಯಾಸಿಯೊಬ್ಬರು ತಮ್ಮ ಸಲೀಸಿನ ಆವರಣ ದಾಟಿದ್ದು ಆ ಹೊತ್ತಿನಲ್ಲೇ ಎಂದು ನನಗೆ ಮನವರಿಕೆಯಾಗಿದೆ. ಅದಕ್ಕೆ ಬೇಕಾದ ಅನುಕೂಲವನ್ನು ನಾವು, ಅಂದರೆ ಕಲಿಸುವವರು ಮತ್ತು ಸಂಘಟಕರು, ಮುಂಚಿತವಾಗಿಯೇ ಮಾಡಿಕೊಡಬೇಕೆಂಬುದು ಈ ಬರಹದ ವಾದ.

ವ್ಯಕ್ತಿ ಮತ್ತು ಹಿನ್ನೆಲೆ

ಅವರದು ಮನೆಯ ಮುಂದಿನ ಕೋಣೆಯಲ್ಲೇ ರವಿಕೆ ಹೊಲಿಯುವ ವೃತ್ತಿ. ಹಬ್ಬ ಮತ್ತು ಮದುವೆಯ ದಿನಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರೆ ಏಳೆಂಟು ಗಂಟೆ ಕಳೆದದ್ದು ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷಕ್ಕೂ ಮೀರಿದ ಈ ಕೆಲಸ ಅವರ ದೇಹದ ಮೇಲೆ ತನ್ನ ಗುರುತುಗಳನ್ನು ಬಿಟ್ಟಿತ್ತು: ಕುತ್ತಿಗೆಯ ಹಿಂಭಾಗದಲ್ಲಿ ಬಿಗಿತ, ಕತ್ತರಿ ಹಿಡಿಯುವ ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು, ಮೆಟ್ಟಿಲು ಇಳಿಯುವಾಗ ಎಡ ಮಂಡಿಯಲ್ಲಿ ಚುಚ್ಚಿದಂತಾಗುವುದು. ರಕ್ತದೊತ್ತಡ ಮತ್ತು ಸಕ್ಕರೆಯ ತೊಂದರೆ ಇರಲಿಲ್ಲ. ವೈದ್ಯರು ‘ಏನಾದರೂ ವ್ಯಾಯಾಮ ಶುರುಮಾಡಿ’ ಎಂದದ್ದರಿಂದ ಕಾರ್ತಿಕ ಮಾಸದಲ್ಲಿ ಪಕ್ಕದ ಮನೆಯವರ ಜೊತೆ ತರಗತಿಗೆ ಬಂದರು.

ಬಂದ ಮೊದಲ ದಿನವೇ ಅವರು ಆರಿಸಿಕೊಂಡ ಜಾಗ ಕೊನೆಯ ಸಾಲಿನಲ್ಲಿ, ಸಭಾಂಗಣದ ದಪ್ಪ ಕಂಬವೊಂದರ ಹಿಂದೆ. ಅಲ್ಲಿ ನಿಂತರೆ ಮುಂದಿನಿಂದ ಕಲಿಸುವವರಿಗೆ ಅವರ ಅರ್ಧ ದೇಹ ಮಾತ್ರ ಕಾಣುತ್ತಿತ್ತು. ಪಕ್ಕದ ಸಾಲಿನವರಿಗೆ ಅಷ್ಟೂ ಕಾಣುತ್ತಿರಲಿಲ್ಲ. ವೃಕ್ಷಾಸನದಲ್ಲಿ ಸಮತೋಲ ತಪ್ಪಿದರೆ ಒಂದು ಬೆರಳನ್ನು ಆ ಕಂಬಕ್ಕೇ ತಾಗಿಸಿಕೊಳ್ಳುತ್ತಿದ್ದರು. ಮಂದ ಬೆಳಕು, ಪರಿಚಿತ ಹೆಂಗಸರು, ನಿಧಾನವಾಗಿ ಎಣಿಸುವ ಒಂದು ದನಿ, ಈ ಕಂಬ. ಅವರ ಸಲೀಸಿನ ಆವರಣ ಇಷ್ಟರಿಂದ ಆಗಿತ್ತು, ಮತ್ತು ಅದರಲ್ಲಿ ತಪ್ಪೇನೂ ಇರಲಿಲ್ಲ. ಮೊದಲ ತಿಂಗಳು ಯಾವ ಹೊಸಬರಿಗಾದರೂ ಅಂಥದೊಂದು ಆಸರೆ ಬೇಕು.

ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ತಾಡಾಸನದಲ್ಲಿ ಎರಡೂ ತೋಳುಗಳನ್ನು ಮೇಲೆತ್ತಿ, ಬೆರಳುಗಳನ್ನು ಹೆಣೆದು, ಹಿಮ್ಮಡಿ ಎತ್ತಬೇಕು. ಅವರ ತೋಳುಗಳು ಕಿವಿಯ ಮಟ್ಟ ಮುಟ್ಟುವ ಮೊದಲೇ ನಿಲ್ಲುತ್ತಿದ್ದವು. ಹೊಲಿಗೆಯವರಾದ್ದರಿಂದ ಭುಜ ಬಿಗಿದಿರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಮಲಗಿ ಮಾಡುವ ಅಭ್ಯಾಸಗಳಲ್ಲಿ ಅದೇ ತೋಳುಗಳು ತಲೆಯ ಹಿಂದೆ ನೆಲವನ್ನು ಸಲೀಸಾಗಿ ಮುಟ್ಟುತ್ತಿದ್ದವು. ಕಾರಣ ಭುಜದಲ್ಲಿರಲಿಲ್ಲ, ಬಟ್ಟೆಯಲ್ಲಿತ್ತು: ತೋಳೆತ್ತಿದರೆ ಕುರ್ತಾ ಮೇಲೇರಿ ಸೊಂಟ ಕಾಣುತ್ತದೆಂಬ ಸಂಕೋಚ. ಯೋಗ ತರಗತಿಗೆ ತಡವಾಗಿ ಬರುವ ನಮ್ಮ ಊರುಗಳ ಹೆಂಗಸರಲ್ಲಿ ದೇಹದ ಬಿಗಿತವೆಂದು ನಾವು ಗುರುತಿಸುವುದರಲ್ಲಿ ಒಂದು ಪಾಲು ಇಂಥ ಸಂಕೋಚವೇ ಆಗಿರುತ್ತದೆ. ಅದನ್ನು ಸ್ನಾಯುವಿನ ತೊಂದರೆಯೆಂದು ತಿಳಿದು ತೋಳನ್ನು ಹಿಡಿದು ಎಳೆಯುವ ಶಿಕ್ಷಕರು ಅವರನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತಾರೆ.

ಕಾರ್ಯಕ್ರಮದ ಸ್ವರೂಪ

ರಥಸಪ್ತಮಿಯಂದು, ಅಂದರೆ ಮಾಘ ಶುದ್ಧ ಸಪ್ತಮಿಯಂದು, ಮನೆಗಳಲ್ಲಿ ಎಕ್ಕದ ಎಲೆಗಳನ್ನು ತಲೆ, ಭುಜ, ಮಂಡಿಗಳ ಮೇಲಿಟ್ಟುಕೊಂಡು ಸ್ನಾನ ಮಾಡುವ ಪದ್ಧತಿಯಿದೆ. ಅದೇ ದಿನ ಸಾಮೂಹಿಕವಾಗಿ 108 ಸೂರ್ಯನಮಸ್ಕಾರ ಮಾಡುವುದು ಕರ್ನಾಟಕದ ಅನೇಕ ಊರುಗಳಲ್ಲಿ ರೂಢಿಗೆ ಬಂದಿದೆ. ಸೂರ್ಯಾರಾಧನೆ ಪ್ರಾಚೀನವಾದರೂ ಇಂದು ನಾವು ಮಾಡುವ ಸರಣಿ ವ್ಯಾಯಾಮವಾಗಿ ಜನರಲ್ಲಿ ಹರಡಿದ್ದು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ. ಮಹಾರಾಷ್ಟ್ರದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯವರ ಪ್ರಚಾರದ ಪಾತ್ರ ಅದರಲ್ಲಿ ದೊಡ್ಡದು.

ಮಿತ್ರ, ರವಿ, ಸೂರ್ಯ, ಭಾನು ಎಂದು ಮೊದಲಾಗಿ ಭಾಸ್ಕರನವರೆಗೆ ಹನ್ನೆರಡು ನಾಮಗಳು. ಒಂದೊಂದು ನಾಮಕ್ಕೆ ಒಂದು ನಮಸ್ಕಾರ. ಹನ್ನೆರಡಕ್ಕೆ ಒಂದು ಸುತ್ತು. ಒಂಬತ್ತು ಸುತ್ತಿಗೆ 108. ಹೀಗೆ ಹೇಳಿದಾಗ ಸುಲಭವಾಗಿ ಕೇಳಿಸುತ್ತದೆ. ದೇಹದ ಲೆಕ್ಕದಲ್ಲಿ ನೋಡಿದರೆ ಬೇರೆಯೇ. ಹನ್ನೆರಡು ಸ್ಥಿತಿಗಳ ಒಂದು ನಮಸ್ಕಾರದಲ್ಲಿ ಪಾದಹಸ್ತಾಸನ ಎರಡು ಸಲ ಬರುತ್ತದೆ. ಅಂದರೆ 108ಕ್ಕೆ 216 ಬಾರಿ ಸೊಂಟದಿಂದ ಮುಂದಕ್ಕೆ ಬಾಗುವುದು, 108 ಬಾರಿ ಅಂಗೈಗಳ ಮೇಲೆ ಭಾರ ಹಾಕಿ ನೆಲಕ್ಕಿಳಿದು ಸಾಷ್ಟಾಂಗ ಮಾಡುವುದು, ಅಷ್ಟೇ ಬಾರಿ ಏಳುವುದು.

ಅಂತರರಾಷ್ಟ್ರೀಯ ಯೋಗ ದಿನದ ಕಾರ್ಯಕ್ರಮಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಹೊಸಬರಿಗೆ ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ಜೂನ್ 21ರಂದು ಮಾಡಿಸುವ ‘ಸಾಮಾನ್ಯ ಯೋಗ ಶಿಷ್ಟಾಚಾರ’ ಎಂಬ ನಿಗದಿತ ಅಭ್ಯಾಸಕ್ರಮ ಸುಮಾರು 45 ನಿಮಿಷದ್ದು. ಕುತ್ತಿಗೆ, ಭುಜಗಳ ಚಾಲನಕ್ರಿಯೆಯಿಂದ ತೊಡಗಿ, ನಿಂತು, ಕೂತು, ಮಲಗಿ ಮಾಡುವ ಸರಳ ಆಸನಗಳ ಮೂಲಕ ಪ್ರಾಣಾಯಾಮ, ಧ್ಯಾನಗಳಿಗೆ ಸಾಗುವ ಅದನ್ನು ರೂಪಿಸಿರುವುದೇ ಎಂದೂ ಯೋಗ ಮಾಡದವರನ್ನು ಗಮನದಲ್ಲಿಟ್ಟುಕೊಂಡು. 2017ರಲ್ಲಿ ಮೈಸೂರಿನ ರೇಸ್‌ಕೋರ್ಸ್‌ನಲ್ಲಿ 55 ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಯೋಗ ಮಾಡಿದ್ದು, 2022ರಲ್ಲಿ ಪ್ರಧಾನಿಯವರೊಂದಿಗೆ ಅರಮನೆ ಆವರಣದಲ್ಲಿ ಸುಮಾರು 15 ಸಾವಿರ ಜನ ಸೇರಿದ್ದು, ಎರಡೂ ಯೋಗ ದಿನದ ಕಾರ್ಯಕ್ರಮಗಳೇ. ಅವುಗಳನ್ನು ನೋಡಿದವರಿಗೆ ರಥಸಪ್ತಮಿಯ 108 ಕೂಡ ಅಂಥದೇ ಎನ್ನಿಸಿಬಿಡುತ್ತದೆ. ಅದು ಹಾಗಲ್ಲ. ಒಂದೇ ಬಗೆಯ ಚಲನೆಯನ್ನು ಒಂದೂಕಾಲು ಗಂಟೆಗೂ ಹೆಚ್ಚು ಕಾಲ ಪುನರಾವರ್ತಿಸುವ ಈ ಅಭ್ಯಾಸಕ್ಕೆ ತಿಂಗಳುಗಳ ತಯಾರಿ ಬೇಕು.

ಸಿದ್ಧತೆ

ಸಂಕ್ರಾಂತಿ ಕಳೆದ ಮೇಲೆ ಅವರೇ ಬಂದು ಕೇಳಿದರು. ಆಗ ಅವರು ಹೇಳಿದ ಮಾತು ನನ್ನ ಟಿಪ್ಪಣಿಯಲ್ಲಿ ಹೀಗಿದೆ: ‘ಕಂಬದ ಹಿಂದೆ ಎಷ್ಟು ದಿನ ಅಂತ ಮಾಡೋದು ಮೇಡಂ, ಒಂದ್ಸಲ ಬಯಲಲ್ಲಿ ನಿಂತು ನೋಡ್ತೀನಿ.’ ನೂರೆಂಟು ಪೂರೈಸಬೇಕೆಂಬ ಹಂಬಲ ಅವರ ಮಾತಿನಲ್ಲಿರಲಿಲ್ಲ. ಜನರ ಕಣ್ಣಿಗೆ ಬೀಳಬೇಕೆಂಬ ಸವಾಲನ್ನು ಅವರು ತಮಗೆ ತಾವೇ ಹಾಕಿಕೊಂಡಿದ್ದರು. ತರಗತಿಯಲ್ಲಿ ಅವರು ಒಂದೇ ಸಮಕ್ಕೆ ಹನ್ನೆರಡಕ್ಕಿಂತ ಹೆಚ್ಚು ನಮಸ್ಕಾರ ಮಾಡಿದವರಲ್ಲ. ‘ಈ ವರ್ಷ ಬೇಡ’ ಎಂದು ಹೇಳುವುದು ನನಗೆ ಸುಲಭವಿತ್ತು, ಹಾಗೆ ಹೇಳಿದ್ದರೆ ಅವರು ಒಪ್ಪುತ್ತಿದ್ದರು ಕೂಡ. ಆದರೆ ಅಂಥ ಮಾತಿನಿಂದ ಕಂಬದ ಹಿಂದಿನ ಜಾಗ ಅವರಿಗೆ ಶಾಶ್ವತವಾಗಿ ಗಟ್ಟಿಯಾಗುತ್ತಿತ್ತು.

ಉಳಿದಿದ್ದ ಎರಡೂವರೆ ವಾರಗಳಲ್ಲಿ ಸಂಖ್ಯೆಯನ್ನು ಹನ್ನೆರಡರಿಂದ ಇಪ್ಪತ್ತನಾಲ್ಕಕ್ಕೆ, ನಡುವೆ ಬಿಡುವು ಕೊಟ್ಟು ಮೂವತ್ತಾರಕ್ಕೆ ಏರಿಸಿದೆವು. ಅಲ್ಲಿಂದ ಮುಂದೆ ಹೋಗಲಿಲ್ಲ. ಬಲ ಮಣಿಕಟ್ಟಿನ ವಿಚಾರ ಮೊದಲ ವಾರದಲ್ಲೇ ಎದುರಾಯಿತು. ಅಂಗೈ ಪೂರ್ತಿ ನೆಲಕ್ಕೂರಿದಾಗ ಮಣಿಕಟ್ಟು ಸುಮಾರು ತೊಂಬತ್ತು ಡಿಗ್ರಿ ಹಿಂದಕ್ಕೆ ಬಾಗುತ್ತದೆ. ದಿನವಿಡೀ ಕತ್ತರಿ ಹಿಡಿದ ಕೈಗೆ ಅದು ಭಾರ. ತೆಳುವಾದ ಟವೆಲನ್ನು ಮಡಚಿ ಅಂಗೈಯ ಬುಡಕ್ಕೆ ಮಾತ್ರ ಇಟ್ಟು, ಬೆರಳುಗಳು ಕೆಳಗೆ ನೆಲದ ಮೇಲಿರುವಂತೆ ಮಾಡಿದಾಗ ಆ ಕೋನ ಕಡಿಮೆಯಾಯಿತು. ಜೊತೆಗೆ ಹೆಬ್ಬೆರಳು ಮತ್ತು ತೋರುಬೆರಳಿನ ಬುಡವನ್ನು ನೆಲಕ್ಕೆ ಒತ್ತಿ ಭಾರವನ್ನು ಇಡೀ ಅಂಗೈಗೆ ಹಂಚುವುದನ್ನು ಕಲಿತರು. ಆಸನಕ್ಕೆ ದೇಹವನ್ನು ಬಗ್ಗಿಸುವ ಬದಲು ಆಸರೆ ಕೊಟ್ಟು ಆಸನವನ್ನು ದೇಹದ ಬಳಿಗೆ ತರುವ ಈ ದಾರಿಯನ್ನು ಜಗತ್ತಿಗೆ ವಿಸ್ತಾರವಾಗಿ ತೋರಿಸಿಕೊಟ್ಟವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯಗಳಿಂದ ನರಳಿದ ದೇಹ ಅವರದು. ಹಲಗೆ, ಪಟ್ಟಿ, ಕುರ್ಚಿಗಳ ಬಳಕೆಯನ್ನು ಕೈಲಾಗದವರ ಯೋಗವೆಂದು ಹಗುರಾಗಿ ಕಾಣುವವರು ಇದನ್ನು ನೆನಪಿಡುವುದು ಒಳ್ಳೆಯದು. ಒಂದು ಕಾಲನ್ನು ಹಿಂದಕ್ಕೆ ಚಾಚುವ ಅಶ್ವಸಂಚಾಲನಾಸನದಲ್ಲಿ ಹಿಂದಿನ ಮಂಡಿ ಊರುವ ಕಡೆಗೆ ಜಮಖಾನದ ಒಂದು ಮಡಿಕೆ, ಅಂಗೈ, ಕಾಲ್ಬೆರಳುಗಳ ಮೇಲೆ ದೇಹವನ್ನು ನೇರವಾಗಿ ಚಾಚುವ ದಂಡಾಸನದಲ್ಲಿ ದಣಿವಾದರೆ ಮಂಡಿ ಊರಿಬಿಡುವುದು; ಇವಿಷ್ಟೇ ಉಳಿದ ಮಾರ್ಪಾಡುಗಳು.

ಬಟ್ಟೆಯ ಸಮಸ್ಯೆಯನ್ನು ಅವರು ತಾವೇ ಬಗೆಹರಿಸಿಕೊಂಡರು, ಮತ್ತು ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಭಾಗ ಇದೇ. ಬಿಳಿ ಹತ್ತಿ ಬಟ್ಟೆ ತಂದು ಮಂಡಿಯುದ್ದದ ಕುರ್ತಾ ಹೊಲಿದರು. ಕಂಕುಳಲ್ಲಿ ವಜ್ರಾಕಾರದ ತುಂಡೊಂದನ್ನು ಸೇರಿಸಿದ್ದರಿಂದ ತೋಳು ಎಷ್ಟು ಎತ್ತಿದರೂ ಕೆಳಗಿನ ಅಂಚು ಮೇಲೇರುತ್ತಿರಲಿಲ್ಲ. ಎರಡೂ ಪಕ್ಕದ ಸೀಳನ್ನು ಸೊಂಟಕ್ಕಿಂತ ತುಸು ಕೆಳಗೇ ನಿಲ್ಲಿಸಿದ್ದರು. ಬಾಗಿದಾಗ ಕತ್ತು ಜಾರದಂತೆ ಹಿಂಭಾಗವನ್ನು ಒಂದಿಂಚು ಎತ್ತರಿಸಿದ್ದರು. ಅದನ್ನು ತೊಟ್ಟು ಬಂದ ದಿನ ತಾಡಾಸನದಲ್ಲಿ ಅವರ ತೋಳುಗಳು ಕಿವಿಗೆ ತಾಗಿ ನೇರವಾಗಿ ನಿಂತವು.

ಇನ್ನು ನಿಲ್ಲಿಸುವ ವಿಚಾರ. ಮೈದಾನಕ್ಕೆ ಹೋಗುವ ಮೊದಲು ನಮ್ಮಿಬ್ಬರ ನಡುವೆ ಒಂದು ಖಚಿತ ಒಪ್ಪಂದವಾಯಿತು. ಪ್ರತಿ ನಮಸ್ಕಾರಕ್ಕೂ ಮೊದಲು ವೇದಿಕೆಯಿಂದ ಹೇಳಿಕೊಡುವ ಮಂತ್ರವನ್ನು ಅವರು ಮನಸ್ಸಿನಲ್ಲಿ ಹೇಳದೆ ಗಟ್ಟಿಯಾಗಿ ಹೇಳಬೇಕು. ಮಂತ್ರ ಒಂದೇ ಉಸಿರಿನಲ್ಲಿ ಪೂರ್ತಿಯಾಗಿ ಬಂದರೆ ಮುಂದುವರಿಯಬೇಕು. ನಡುವೆ ಉಸಿರು ತುಂಡಾದರೆ ಆ ನಮಸ್ಕಾರವನ್ನು ಆರಂಭಿಸಲೇಬಾರದು. ನಿಲ್ಲಿಸಿದಾಗ ಕೂರಬಾರದು, ಮಲಗಬಾರದು. ಪ್ರಣಾಮಾಸನದಲ್ಲಿ ಕೈಮುಗಿದು ನಿಂತು ಉಸಿರು ಗಮನಿಸಬೇಕು. ಎಡ ಮಂಡಿಯ ದೆಸೆಯಿಂದ, ಮಂಡಿ ಮಡಚಿ ಹಿಮ್ಮಡಿಯ ಮೇಲೆ ಕೂರುವ ವಜ್ರಾಸನ ಅವರಿಗೆ ವಿಶ್ರಾಂತಿಯಾಗಿರಲಿಲ್ಲ ಎಂಬುದು ಇದಕ್ಕೆ ಒಂದು ಕಾರಣ; ಒಂದೇ ಸಮನೆ ಶ್ರಮಪಟ್ಟವರು ಥಟ್ಟನೆ ಕೂತು ಮತ್ತೆ ಎದ್ದರೆ ತಲೆ ಸುತ್ತುವ ಸಾಧ್ಯತೆಯಿರುತ್ತದೆ ಎಂಬುದು ಇನ್ನೊಂದು. ಮತ್ತೆ ಸೇರಿಕೊಳ್ಳುವುದಿದ್ದರೆ ಹೊಸ ಸುತ್ತಿನ ಮೊದಲ ಮಂತ್ರದಿಂದಲೇ ಸೇರಬೇಕು. ಮಂತ್ರವನ್ನು ಹೀಗೆ ಉಸಿರಿನ ಅಳತೆಗೋಲಾಗಿ ಬಳಸುವುದು ಅದರ ಪಾವಿತ್ರ್ಯಕ್ಕೆ ಕುಂದು ತರುತ್ತದೆಂದು ನನಗೆ ಅನ್ನಿಸುವುದಿಲ್ಲ. ಉಸಿರಿಲ್ಲದೆ ಬಾಯಾಡಿಸಿದ ಮಂತ್ರಕ್ಕಿಂತ ಇದು ಮೇಲು.

ಆ ಬೆಳಿಗ್ಗೆ

ಅಂದು ಮಂಗಳವಾರ, ಕೆಲಸದ ದಿನ. ಐದು ಗಂಟೆಗೆ ಮನೆ ಬಿಟ್ಟವರು ಐದೂವರೆಗೆ ಮೈದಾನದಲ್ಲಿದ್ದರು. ಹಾಸಿದ ಜಮಖಾನಗಳು ಇಬ್ಬನಿಯಿಂದ ತೇವವಾಗಿದ್ದವು. ಹೆಂಗಸರಿಗೆ ಎಡಭಾಗ, ಗಂಡಸರಿಗೆ ಬಲಭಾಗ. ಅವರಿಗೆ ಸಿಕ್ಕಿದ್ದು ಐದನೆಯ ಸಾಲು. ಹಿಂದೆಯೂ ಸಾಲುಗಳು, ಎರಡೂ ಪಕ್ಕ ಜನ, ಆತುಕೊಳ್ಳಲು ಗೋಡೆಯಾಗಲಿ ಕಂಬವಾಗಲಿ ಇಲ್ಲ. ಸಂಘಟಕರು ಸಾಲುಗಳ ನಡುವೆ ಅಂತರ ಚೆನ್ನಾಗಿ ಬಿಟ್ಟಿದ್ದರು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಏರ್ಪಾಡು ಎಲ್ಲ ಇತ್ತು. ಆರು ದಾಟಿ ಹತ್ತು ನಿಮಿಷಕ್ಕೆ ‘ಧ್ಯೇಯಃ ಸದಾ’ ಶ್ಲೋಕದೊಂದಿಗೆ ಆರಂಭವಾಯಿತು.

ಮೊದಲ ಮೂರು ಸುತ್ತುಗಳಲ್ಲಿ ಅವರನ್ನು ನೋಡುವುದೇ ಒಂದು ಖುಷಿಯಾಗಿತ್ತು. ತರಗತಿಯಲ್ಲಿ ಮೂವತ್ತಾರು ಮುಗಿಸಲು ಎರಡು ಬಿಡುವು ಬೇಕಾಗುತ್ತಿದ್ದವರು ಇಲ್ಲಿ ಸುತ್ತುಗಳ ನಡುವಿನ ಅರ್ಧ ನಿಮಿಷದಲ್ಲೇ ಸುಧಾರಿಸಿಕೊಂಡರು. ನೂರಾರು ಅಂಗೈಗಳು ಒಟ್ಟಿಗೆ ನೆಲಕ್ಕೂರುವ ಸದ್ದು, ಒಟ್ಟಿಗೆ ಬಿಡುವ ಉಸಿರು, ಮುಂದಿನವರ ಬೆನ್ನು ಏಳುವುದನ್ನು ಕಂಡೇ ತಾನೂ ಏಳುವ ದೇಹ. ಸಮೂಹ ಕೊಡುವ ಈ ಬಲ ನಿಜವಾದದ್ದು. ಸಾಮೂಹಿಕ ಕಾರ್ಯಕ್ರಮಗಳನ್ನು ಬರೀ ಪ್ರದರ್ಶನವೆಂದು ತಳ್ಳಿಹಾಕುವ ಹಿರಿಯ ಅಭ್ಯಾಸಿಗಳ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಆದರೆ ವೇಗ ಏರುತ್ತಿತ್ತು. ಮೊದಲ ಸುತ್ತಿಗೆ ಹತ್ತಿರಹತ್ತಿರ ಒಂಬತ್ತು ನಿಮಿಷ ಹಿಡಿದಿತ್ತು. ನಾಲ್ಕನೆಯ ಸುತ್ತು ಏಳು ನಿಮಿಷದಲ್ಲಿ ಮುಗಿಯುವ ಗತಿಯಲ್ಲಿ ಸಾಗುತ್ತಿತ್ತು. ಒಂದು ನಮಸ್ಕಾರಕ್ಕೆ 45 ಸೆಕೆಂಡು ಇದ್ದದ್ದು 35ಕ್ಕೆ ಇಳಿಯಿತೆಂದರೆ, ಮಂತ್ರಕ್ಕೆ ಐದು ಸೆಕೆಂಡು ಕಳೆದು ಉಳಿದ ಮೂವತ್ತರಲ್ಲಿ ಹನ್ನೆರಡು ಸ್ಥಿತಿಗಳು, ಒಂದೊಂದಕ್ಕೆ ಎರಡೂವರೆ ಸೆಕೆಂಡು. ಅನುಭವಿಗಳಿಗೆ ಅದು ಲಯ; ಹೊಸಬರಿಗೆ ಪಾದ ಎಲ್ಲಿ ಇಡುತ್ತಿದ್ದೇನೆಂದು ನೋಡಿಕೊಳ್ಳಲೂ ಸಾಲದ ಸಮಯ. ಅದೇ ಹೊತ್ತಿಗೆ, ಆರೂಮುಕ್ಕಾಲರ ಸುಮಾರಿಗೆ, ಸೂರ್ಯ ಮೇಲೆ ಬಂದ. ಎಲ್ಲರೂ ಪೂರ್ವಕ್ಕೆ ಮುಖ ಮಾಡಿದ್ದರಿಂದ, ತೋಳೆತ್ತಿ ಹಿಂದಕ್ಕೆ ಬಾಗುವ ಹಸ್ತ ಉತ್ಥಾನಾಸನದಲ್ಲಿ ಬೆಳಕು ನೇರವಾಗಿ ಕಣ್ಣಿಗೆ ಬಡಿಯುತ್ತಿತ್ತು.

ನಾಲ್ಕನೆಯ ಸುತ್ತಿನ ಏಳನೆಯ ಮಂತ್ರ ‘ಓಂ ಹಿರಣ್ಯಗರ್ಭಾಯ ನಮಃ’. ಹನ್ನೆರಡರಲ್ಲಿ ಅತಿ ಉದ್ದದ್ದು. ನಾನು ಅವರ ತುಟಿಯನ್ನೇ ನೋಡುತ್ತಿದ್ದೆ. ‘ಹಿರಣ್ಯ’ ಎಂಬಲ್ಲಿ ದನಿ ನಿಂತಿತು. ಒಮ್ಮೆ ಉಸಿರೆಳೆದುಕೊಂಡು ಉಳಿದದ್ದನ್ನು ಹೇಳಿದರು. ವೇದಿಕೆಯಿಂದ ‘ಏಕಂ’ ಎಂದು ಕೇಳಿದಾಗ ಸುತ್ತಲಿನವರ ತೋಳುಗಳೆಲ್ಲ ಮೇಲೆದ್ದವು. ಅವರ ಮೊಣಕೈಗಳೂ ಒಂದಷ್ಟು ಅಗಲಗೊಂಡು, ಏಳಲು ಹವಣಿಸಿ, ಮತ್ತೆ ಎದೆಯ ಬಳಿಗೆ ಬಂದು ಕೂಡಿಕೊಂಡವು. ಅವರು ನಿಂತರು.

ಅನಂತರದ ಹತ್ತು ಹದಿನೈದು ನಿಮಿಷಗಳಲ್ಲಿ ನಡೆದದ್ದನ್ನು ವಿವರವಾಗಿ ದಾಖಲಿಸಬೇಕು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಬಾಗಿದಲ್ಲಿಂದಲೇ, ಪ್ರೀತಿಯಿಂದಲೇ, ‘ಆಂಟಿ, ಇನ್ನೊಂದ್ ಸ್ವಲ್ಪ, ಬಿಡಬೇಡಿ’ ಎಂದಳು. ಇನ್ನೊಂದು ಬದಿಯಿಂದ ಸ್ವಯಂಸೇವಕರೊಬ್ಬರು ನೀರಿನ ಬಾಟಲಿ ಹಿಡಿದು ಧಾವಿಸಿ ಬಂದು, ತಲೆ ಸುತ್ತುತ್ತಿದೆಯೇ, ನೆರಳಿಗೆ ಕರೆದೊಯ್ಯಲೇ ಎಂದು ಕೇಳಿದರು. ಅದೇ ಸಮಯಕ್ಕೆ ವೇದಿಕೆಯಿಂದ, ಯಾರೂ ನಿಲ್ಲಿಸಬಾರದು, ಅರ್ಧದ ಹತ್ತಿರ ಬಂದಿದ್ದೇವೆ, ಛಲ ಬಿಡಬಾರದು ಎಂಬ ಹುರಿದುಂಬಿಸುವ ಮಾತು ಕೇಳಿಬಂತು. ಮೂವರದೂ ಸದುದ್ದೇಶವೇ. ಮೂವರ ಮಾತಿನಲ್ಲೂ ನಿಂತವರು ಒಂದೋ ಸೋತವರು, ಇಲ್ಲವೇ ಕಾಯಿಲೆ ಬಿದ್ದವರು. ತಿಳಿದೇ ನಿಂತವರಿಗೆ ಅಲ್ಲಿ ಜಾಗವಿರಲಿಲ್ಲ. ಅವರು ಸ್ವಯಂಸೇವಕರಿಗೆ ತಲೆಯಾಡಿಸಿ, ‘ಏನೂ ಆಗಿಲ್ಲ, ಉಸಿರು ನೋಡ್ಕೋತಿದೀನಿ’ ಎಂದಷ್ಟೇ ಹೇಳಿ ಕೈಮುಗಿದೇ ಉಳಿದರು. ಮುಖ ಕೆಂಪಾಗಿತ್ತು, ಅದರಲ್ಲಿ ಶ್ರಮ ಎಷ್ಟು, ಸಂಕೋಚ ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ. ಕಂಬವಿಲ್ಲದ ಬಯಲಿನಲ್ಲಿ, ಎಲ್ಲರೂ ಬಾಗಿದಾಗ ಒಬ್ಬರೇ ನೆಟ್ಟಗೆ ನಿಂತವರಷ್ಟು ಎದ್ದು ಕಾಣುವವರು ಇನ್ನಾರೂ ಇಲ್ಲ.

ಐದನೆಯ ಸುತ್ತಿನ ಆರಂಭದ ಹೊತ್ತಿಗೆ ಅದೇ ಸಾಲಿನ ಇನ್ನಿಬ್ಬರು ಹೆಂಗಸರು, ಅವರನ್ನು ಒಮ್ಮೆ ನೋಡಿ, ತಾವೂ ಕೈಮುಗಿದು ನಿಂತರು. ಅವರಲ್ಲೊಬ್ಬರು ಆಗಲೇ ಎರಡು ಸುತ್ತಿನಿಂದ ಏದುಸಿರು ಬಿಡುತ್ತಿದ್ದುದನ್ನು ನಾನು ಗಮನಿಸಿದ್ದೆ.

ಐದನೆಯ ಸುತ್ತನ್ನು ಅವರು ಪೂರ್ತಿ ಬಿಟ್ಟರು. ಆರನೆಯದಕ್ಕೆ ಮೊದಲ ಮಂತ್ರದಿಂದಲೇ ಸೇರಿ, ದಂಡಾಸನದಲ್ಲಿ ಮಂಡಿ ಊರಿಕೊಂಡು ಹನ್ನೆರಡನ್ನೂ ಮಾಡಿದರು. ಏಳನೆಯದರಲ್ಲಿ ಮತ್ತೆ ನಿಂತರು. ಎಂಟು ಮತ್ತು ಒಂಬತ್ತನ್ನು ಹಾಗೆಯೇ ಮಂಡಿ ಊರಿ ಮುಗಿಸಿದರು. ಒಟ್ಟು 78.

ಶವಾಸನದ ನಂತರ ಸಭಾ ಕಾರ್ಯಕ್ರಮ. ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ ಹಂಚಿದರು. ಅದರಲ್ಲಿ ‘108 ಸೂರ್ಯನಮಸ್ಕಾರಗಳನ್ನು ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂದು ಮುದ್ರಿಸಿತ್ತು. ಅವರು ಅದನ್ನು ಓದಿ, ಮಡಚದೆ, ಹಂಚುತ್ತಿದ್ದವರಿಗೆ ಮರಳಿಸಿದರು. ವಾದ ಮಾಡಲಿಲ್ಲ, ವಿವರಣೆಯನ್ನೂ ಕೊಡಲಿಲ್ಲ.

ವಿಶ್ಲೇಷಣೆ

ಆ ಪ್ರಮಾಣಪತ್ರದ ಒಂದು ಸಾಲು ಇಡೀ ಸಮಸ್ಯೆಯನ್ನು ತೋರಿಸುತ್ತದೆ. ಎಲ್ಲರೂ ಪೂರೈಸಿದ್ದಾರೆಂದು ಮೊದಲೇ ಮುದ್ರಿಸಿಟ್ಟ ಮೇಲೆ, ಪೂರೈಸದಿರುವುದು ಮುಚ್ಚಿಡಬೇಕಾದ ಸಂಗತಿಯಾಗುತ್ತದೆ. ‘ಭಾಗವಹಿಸಿದ್ದಾರೆ’ ಎಂಬ ಒಂದು ಮಾತಿದ್ದರೆ ಸುಳ್ಳೂ ಇರುತ್ತಿರಲಿಲ್ಲ, ಒತ್ತಾಯವೂ ಇರುತ್ತಿರಲಿಲ್ಲ.

ಹದಿನೈದನೆಯ ಶತಮಾನದ್ದೆಂದು ಗುರುತಿಸಲಾಗುವ ಹಠಯೋಗ ಪ್ರದೀಪಿಕೆಯ ಮೊದಲ ಅಧ್ಯಾಯದಲ್ಲಿ ಸ್ವಾತ್ಮಾರಾಮನು ಯೋಗವನ್ನು ಕೆಡಿಸುವ ಆರನ್ನು ಹೇಳುತ್ತಾನೆ: ಅತಿಯಾದ ಆಹಾರ, ಅತಿಯಾದ ಶ್ರಮ, ಅತಿಯಾದ ಮಾತು, ನಿಯಮಗಳಿಗೆ ಜೋತುಬೀಳುವುದು, ಜನರ ಸಂಗ, ಚಂಚಲತೆ. ಇವುಗಳಲ್ಲಿ ಶ್ರಮ, ನಿಯಮಾಗ್ರಹ, ಜನಸಂಗ ಮೂರೂ ಸಾಮೂಹಿಕ ಕಾರ್ಯಕ್ರಮದಲ್ಲಿ ಒಂದೇ ಕಡೆ ಕೂಡುತ್ತವೆ. ಹಾಗೆಂದು ಇಂಥ ಕಾರ್ಯಕ್ರಮವೇ ಯೋಗವಿರೋಧಿ ಎಂದು ತೀರ್ಮಾನಿಸುವುದು ತಪ್ಪಾದೀತು. ಏಕಾಂತದ ಕುಟೀರದಲ್ಲಿ ಸಾಧನೆ ಮಾಡುವವನಿಗೆ ಹೇಳಿದ ಮಾತನ್ನು ದಿನವಿಡೀ ಒಬ್ಬರೇ ಯಂತ್ರದ ಮುಂದೆ ಕೂರುವ ಹೆಂಗಸಿಗೆ ಹಾಗೆಯೇ ಅನ್ವಯಿಸಲಾಗದು. ಅವರಿಗೆ ಜನಸಂಗವೇ ಔಷಧಿಯ ಒಂದು ಭಾಗ. ಆದರೆ ಈ ಮೂರೂ ಕೂಡಿದಲ್ಲಿ ಎಚ್ಚರ ಬೇಕೆಂಬುದನ್ನು ಆ ಗ್ರಂಥ ನಮಗೆ ಇಂದಿಗೂ ಹೇಳುತ್ತದೆ.

ಮೈಸೂರಿನವರಾದ ನಮಗೆ ಇದಕ್ಕೊಂದು ಮಾದರಿ ಮನೆಯಲ್ಲೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ಆರಂಭಿಸಿದರು. ಅವರ ಶಿಷ್ಯ, ಹಾಸನ ಜಿಲ್ಲೆಯ ಕೌಶಿಕದಿಂದ ಬಂದ ಪಟ್ಟಾಭಿ ಜೋಯಿಸರ ಮೂಲಕ ‘ಮೈಸೂರು ಶೈಲಿ’ ಎಂಬ ಹೆಸರು ಲೋಕದ ಮೂಲೆಮೂಲೆಗೆ ಹರಡಿದೆ. ಒಂದೇ ಕೋಣೆಯಲ್ಲಿ ಹಲವರು ಸೇರುತ್ತಾರೆ, ಆದರೆ ಪ್ರತಿಯೊಬ್ಬರೂ ತಮಗೆ ಕಲಿಸಿದಷ್ಟನ್ನು ತಮ್ಮ ಉಸಿರಿನ ಗತಿಗೆ ಮಾಡುತ್ತಾರೆ. ಗುರು ಒಬ್ಬೊಬ್ಬರ ಬಳಿಗೂ ಹೋಗಿ ತಿದ್ದುತ್ತಾರೆ. ಮೊದಲ ವಾರದವರು ಹತ್ತು ನಿಮಿಷಕ್ಕೆ ಮುಗಿಸಿ ಎದ್ದರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಧ್ವನಿವರ್ಧಕದ ಎಣಿಕೆಯ ಕಾರ್ಯಕ್ರಮಕ್ಕೆ ಆ ಪದ್ಧತಿಯನ್ನು ಇಡಿಯಾಗಿ ತರಲಾಗದಿದ್ದರೂ ಅದರೊಳಗಿನ ಆ ಸಹಜತೆಯನ್ನು ತರಬಹುದು.

ಹೊಸಬರು ನಿಲ್ಲಲಾರದೆ ಮುಂದುವರಿದಾಗ ಆಗುವ ಹಾನಿ ಕಣ್ಣಿಗೆ ಕಾಣದಂಥದ್ದು. ದಣಿದ ತೋಳುಗಳು ದೇಹವನ್ನು ತಡೆದು ಇಳಿಸಲಾರವು. ಸಾಷ್ಟಾಂಗಕ್ಕೆ ಇಳಿಯುವಾಗ ಭುಜ ಮೊಣಕೈಗಿಂತ ಕೆಳಗೆ ಕುಸಿಯುತ್ತದೆ. ಭುಜಂಗಾಸನದಲ್ಲಿ ಬೆನ್ನಿನ ಮೇಲ್ಭಾಗ ಏಳದೆ ಸೊಂಟ ಮಾತ್ರ ಮುರಿದಂತೆ ಬಾಗುತ್ತದೆ. ಪಾದಹಸ್ತಾಸನದಿಂದ ಏಳುವಾಗ ಉಸಿರು ಕಟ್ಟಿ ಕಣ್ಣು ಮಂಜಾಗುತ್ತದೆ. ಪ್ರತಿಯೊಂದೂ ಚಿಕ್ಕದು, ಆದರೆ ಎಣಿಕೆ ಅವುಗಳನ್ನು ಗುಣಿಸುತ್ತ ಹೋಗುತ್ತದೆ. ಅವರು ಆ ಬೆಳಿಗ್ಗೆ ಬಿಟ್ಟ ಮೂವತ್ತು ನಮಸ್ಕಾರಗಳಲ್ಲಿ ಇವೆಲ್ಲವೂ ಇದ್ದವು.

ಅವರಿಗೆ ನಿಲ್ಲಲು ಸಾಧ್ಯವಾದದ್ದಕ್ಕೆ ಕೇವಲ ಧೈರ್ಯವನ್ನು ಕಾರಣವಾಗಿ ಹೇಳಿ ಮುಗಿಸಿದರೆ ಉಳಿದ ಹೊಸಬರಿಗೆ ಅನ್ಯಾಯವಾಗುತ್ತದೆ. ಯಾವಾಗ ನಿಲ್ಲಬೇಕು, ಹೇಗೆ ನಿಲ್ಲಬೇಕು, ಎಲ್ಲಿಂದ ಮತ್ತೆ ಸೇರಬೇಕು ಎಂಬುದು ಮೊದಲೇ ತೀರ್ಮಾನವಾಗಿತ್ತು. ದಣಿದ ಹೊತ್ತಿನಲ್ಲಿ, ನೂರಾರು ಜನರ ನಡುವೆ, ಅಂಥ ತೀರ್ಮಾನವನ್ನು ಹೊಸದಾಗಿ ಮಾಡಿಕೊಳ್ಳುವುದು ಯಾರಿಗಾದರೂ ಕಷ್ಟ. ಪಕ್ಕದ ಇಬ್ಬರು ಹೆಂಗಸರಿಗೆ ಅಂಥ ಒಪ್ಪಂದವಿರಲಿಲ್ಲ. ಕಣ್ಣೆದುರು ಒಂದು ಉದಾಹರಣೆ ಸಿಗುವವರೆಗೆ ಅವರು ಏದುಸಿರಿನಲ್ಲೇ ಮುಂದುವರಿದಿದ್ದರು.

ನಂತರದ ದಿನಗಳು

ಮರುದಿನ ಮತ್ತು ಅದರ ಮರುದಿನ ತೊಡೆಯ ಹಿಂಭಾಗ ಹಾಗೂ ಎದೆಯ ಸ್ನಾಯುಗಳಲ್ಲಿ ಮೈಕೈ ನೋವು ಇತ್ತು. ರೂಢಿಯಿಲ್ಲದ ಶ್ರಮದ ನಂತರ ಒಂದರಿಂದ ಮೂರು ದಿನಗಳೊಳಗೆ ಏರಿ, ಆಮೇಲೆ ತಾನಾಗಿಯೇ ಇಳಿಯುವ ನೋವು ಅದು. ಮಂಡಿ ಊದಿಕೊಳ್ಳಲಿಲ್ಲ, ಮಣಿಕಟ್ಟಿನ ನೋವು ಹೆಚ್ಚಲಿಲ್ಲ, ಹೊಲಿಗೆ ಕೆಲಸವನ್ನೂ ಅವರು ನಿಲ್ಲಿಸಲಿಲ್ಲ. ಶುಕ್ರವಾರ ತರಗತಿಗೆ ಬಂದವರು ಹಳೆಯ ಜಾಗದಲ್ಲೇ, ಕಂಬದ ಹಿಂದೆಯೇ, ನಿಂತರು. ಇಂದಿಗೂ ಅಲ್ಲಿಯೇ ನಿಲ್ಲುತ್ತಾರೆ. ಮುಂದಿನ ಸಾಲಿಗೆ ಬನ್ನಿ ಎಂದು ನಾನು ಒತ್ತಾಯಿಸಿಲ್ಲ. ಬದಲಾದದ್ದು ಬೇರೆ: ಎಣಿಕೆ ಬೇಗವಾದರೆ ಕಂಬದ ಹಿಂದಿನಿಂದ ಈಗ ‘ನಿಧಾನ’ ಎಂಬ ದನಿ ಕೇಳಿಬರುತ್ತದೆ, ಮತ್ತು ನಮ್ಮ ತರಗತಿಯ ಹಲವು ಹೆಂಗಸರು ಕಂಕುಳಲ್ಲಿ ವಜ್ರಾಕಾರದ ತುಂಡಿರುವ ಕುರ್ತಾ ಹೊಲಿಸಿಕೊಂಡಿದ್ದಾರೆ.

ತರಗತಿ ನಡೆಸುವವರೆಲ್ಲ ಸೇರಿ ಸಂಘಟಕರ ಮುಂದೆ ಮೂರು ವಿಷಯ ಇಟ್ಟೆವು. ಸುತ್ತುಗಳ ವೇಗವನ್ನು ಗಡಿಯಾರ ನೋಡಿ ಒಂದೇ ಸಮನಾಗಿ ಕಾಯುವುದಕ್ಕೆ ಅವರು ಕೂಡಲೇ ಒಪ್ಪಿದರು. ಪ್ರಮಾಣಪತ್ರದ ಒಕ್ಕಣೆ ಬದಲಿಸಲು ಒಂದಷ್ಟು ಚರ್ಚೆಯ ನಂತರ ಒಪ್ಪಿದರು. ಮೂರನೆಯದು, ಆರಂಭದಲ್ಲೇ ವೇದಿಕೆಯಿಂದ ‘ಮಂತ್ರ ಹೇಳಲು ಉಸಿರು ಸಾಲದವರು ಪ್ರಣಾಮಾಸನದಲ್ಲಿ ನಿಲ್ಲಿ, ಮುಂದಿನ ಸುತ್ತಿಗೆ ಸೇರಿಕೊಳ್ಳಿ’ ಎಂದು ಘೋಷಿಸಿ, ಹಾಗೆ ನಿಲ್ಲುವುದನ್ನು ಅನುಭವಿ ಅಭ್ಯಾಸಿಯೊಬ್ಬರಿಂದ ವೇದಿಕೆಯ ಮೇಲೆಯೇ ಮಾಡಿ ತೋರಿಸುವುದು. ಹೀಗೆ ಹೇಳಿದರೆ ಅರ್ಧ ಜನ ನಿಂತುಬಿಡುತ್ತಾರೆ, ಶಿಸ್ತು ಕೆಡುತ್ತದೆ ಎಂಬ ಆತಂಕ ಅವರಿಗಿದೆ. ಆ ಮಾತುಕತೆ ಇನ್ನೂ ಮುಗಿದಿಲ್ಲ. ಕಂಬದ ಹಿಂದಿನ ಆ ಅಭ್ಯಾಸಿ ಮಾತ್ರ ಮುಂದಿನ ರಥಸಪ್ತಮಿಗೂ ಬರುವುದಾಗಿ ಹೇಳಿದ್ದಾರೆ. ಅಲ್ಲಿಯವರೆಗೆ ವಾರಕ್ಕೆರಡು ದಿನ ಮೂರು ಸುತ್ತು ಸಾಕು, ಮಂಡಿಯನ್ನು ಒಮ್ಮೆ ಮೂಳೆ ವೈದ್ಯರಿಗೆ ತೋರಿಸಿ ಎಂದು ತಿಳಿಸಿದ್ದೇನೆ.